ಎಡಕ್ಕೆ ತಿರುಗಿದಾಗ ಟ್ರ್ಯಾಕ್ ಕಳಚುವ ಮಾದರಿ ಯುದ್ಧಟ್ಯಾಂಕ್: 1:6 ಪ್ರಮಾಣದ ಸೆಂಚುರಿಯನ್‌ನಲ್ಲಿ ದೋಷ ಪತ್ತೆ

ಲೋಹದಲ್ಲಿ ಕಟ್ಟಿದ, ತನ್ನದೇ ಮೋಟಾರುಗಳಿಂದ ಓಡುವ ದೊಡ್ಡ ಪ್ರಮಾಣದ ಮಾದರಿ ಯುದ್ಧಟ್ಯಾಂಕ್ ನೇರ ದಾರಿಯಲ್ಲಿ ಚೆನ್ನಾಗಿ ಓಡಿ, ತಿರುವಿನಲ್ಲಿ ಮಾತ್ರ ಟ್ರ್ಯಾಕ್ (ಚಕ್ರಗಳನ್ನು ಸುತ್ತಿ ಓಡುವ ಕೊಂಡಿಗಳ ಪಟ್ಟಿ) ಕಳಚಿಕೊಂಡು ನಿಲ್ಲುವುದು ಈ ಕೆಲಸದಲ್ಲಿ ತೊಡಗಿದವರನ್ನು ಬಹಳವಾಗಿ ಕಾಡುವ ದೋಷ. ಅದಕ್ಕೆ ಕಾರಣಗಳು ಹಲವು, ಮತ್ತು ಒಂದರ ಲಕ್ಷಣ ಇನ್ನೊಂದರ ಲಕ್ಷಣದಂತೆಯೇ ಕಾಣುತ್ತದೆ. ಬೆಂಗಳೂರಿನಲ್ಲಿ ನಾನು ಕಟ್ಟಿದ 1:6 ಪ್ರಮಾಣದ ಸೆಂಚುರಿಯನ್‌ನಲ್ಲಿ ಈ ದೋಷವನ್ನು ಹುಡುಕಿ ಸರಿಪಡಿಸಿದ ಬಗೆಯನ್ನು, ಅದೇ ತೊಂದರೆಯಲ್ಲಿರುವ ಇತರರಿಗೆ ಉಪಯೋಗವಾಗಲೆಂದು, ಅಳತೆಗಳ ಸಮೇತ ಇಲ್ಲಿ ಬರೆದಿದ್ದೇನೆ.

ಸೆಂಚುರಿಯನ್ ಬ್ರಿಟನ್ನಿನ ಟ್ಯಾಂಕ್. ಪಾಕಿಸ್ತಾನದೊಂದಿಗಿನ ಯುದ್ಧಗಳಲ್ಲಿ, 1965ರ ಸೆಪ್ಟೆಂಬರ್‌ನಲ್ಲಿ ಅಸಲ್ ಉತ್ತರ್‌ನಲ್ಲಿಯೂ 1971ರ ಡಿಸೆಂಬರ್‌ನಲ್ಲಿ ಬಸಂತರ್‌ನಲ್ಲಿಯೂ ನಮ್ಮ ಸೇನೆ ಇದನ್ನು ಬಳಸಿತು. ಬಸಂತರ್ ಕದನದಲ್ಲಿ ಮಡಿದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಕೊನೆಯವರೆಗೂ ಬಿಟ್ಟಿಳಿಯದ ಟ್ಯಾಂಕ್ ಇದೇ. ನಾನು ಈ ಮಾದರಿಯನ್ನೇ ಆರಿಸಿಕೊಂಡದ್ದಕ್ಕೆ ಅದಕ್ಕಿಂತ ಬೇರೆ ಕಾರಣ ಬೇಕಿರಲಿಲ್ಲ. ದೋಷದ ದೃಷ್ಟಿಯಿಂದ ಮುಖ್ಯವಾದದ್ದು ಅದರ ಓಟದ ಭಾಗದ ರಚನೆ: ಪ್ರತಿ ಬದಿಯಲ್ಲಿ ಆರು ಜೋಡಿ ಚಕ್ರಗಳು, ಎರಡೆರಡು ಜೋಡಿಗಳಿಗೆ ಒಂದು ಸ್ಪ್ರಿಂಗ್ ಜೋಡಣೆ, ಟ್ರ್ಯಾಕನ್ನು ಎಳೆಯುವ ಹಲ್ಲುಚಕ್ರವಾದ ಸ್ಪ್ರಾಕೆಟ್ ಹಿಂದೆ, ಟ್ರ್ಯಾಕಿನ ಬಿಗಿ ಹೊಂದಿಸುವ ಐಡ್ಲರ್ ಚಕ್ರ ಮುಂದೆ. ಟ್ರ್ಯಾಕಿನ ಕೊಂಡಿಗಳ ಒಳಮೈಯಲ್ಲಿ ನಡುವೆ ಕೊಂಬುಗಳಿದ್ದು, ಅವು ಜೋಡಿ ಚಕ್ರಗಳ ಸಂದಿಯಲ್ಲಿ ಓಡುತ್ತ ಟ್ರ್ಯಾಕನ್ನು ದಾರಿ ತಪ್ಪದಂತೆ ಹಿಡಿದಿಡುತ್ತವೆ. ಕೊಂಬು ಸಂದಿಯಿಂದ ಹೊರಬಿದ್ದು ಚಕ್ರದ ಮೇಲೆ ಹತ್ತಿದರೆ ಟ್ರ್ಯಾಕ್ ಕಳಚಿತೆಂದೇ ಅರ್ಥ.

ನನ್ನ ಮಾದರಿಯ ತೂಕ 118 ಕೆ.ಜಿ. ಟ್ರ್ಯಾಕಿನ ಅಗಲ 102 ಮಿ.ಮೀ., ಅದು ನೆಲ ಮುಟ್ಟುವ ಉದ್ದ 760 ಮಿ.ಮೀ., ಎರಡು ಟ್ರ್ಯಾಕುಗಳ ನಡುಗೆರೆಗಳ ನಡುವಿನ ಅಂತರ 440 ಮಿ.ಮೀ. ಪ್ರತಿ ಬದಿಗೆ 24 ವೋಲ್ಟಿನ 250 ವಾಟ್ ಬ್ರಷ್ ಮೋಟಾರು (ತಿರುಗುವ ಭಾಗಕ್ಕೆ ಬ್ರಷ್ ಎಂಬ ತುಂಡುಗಳ ಮೂಲಕ ವಿದ್ಯುತ್ ಮುಟ್ಟುವಂಥದು), 15:1 ಗೇರ್ ಇಳಿತ, ಮೋಟಾರಿನ ವೇಗ ನಿಯಂತ್ರಿಸಲು ಬದಿಗೊಂದರಂತೆ ಪ್ರತ್ಯೇಕ ಕಂಟ್ರೋಲರ್.

ಕಂಡ ಲಕ್ಷಣಗಳು

ತೊಂದರೆಗಳು ಮೂರಿದ್ದವು. ನಿಂತಲ್ಲೇ ಎಡಕ್ಕೆ ತಿರುಗಿಸಿದರೆ ಎಡಗಡೆಯ ಟ್ರ್ಯಾಕ್ ಹಿಂದಿನ ಸ್ಪ್ರಾಕೆಟ್ ಬಳಿ ಕಳಚುತ್ತಿತ್ತು. ಬಲಕ್ಕೆ ತಿರುಗಿಸಿದರೆ ಏನೂ ಆಗುತ್ತಿರಲಿಲ್ಲ. ನೇರ ಓಡಿಸುವಾಗ ಗಾಡಿ ನಿಧಾನವಾಗಿ ಎಡಕ್ಕೆ ವಾಲಿಕೊಂಡು ಹೋಗುತ್ತಿತ್ತು. ಇವೆರಡಕ್ಕೂ ಸಂಬಂಧವಿಲ್ಲದಂತೆ, ಬ್ಯಾಟರಿ ಪೂರ್ತಿ ತುಂಬಿದ ದಿನಗಳಲ್ಲಿ ಇಳಿಜಾರಿನಲ್ಲಿ ಇಳಿಯುವಾಗ ಒಮ್ಮೊಮ್ಮೆ ವಿದ್ಯುತ್ತೇ ಪೂರ್ತಿ ನಿಂತುಹೋಗುತ್ತಿತ್ತು. ಮೊದಲೆರಡೂ ಎಡಗಡೆಗೇ ಸಂಬಂಧಿಸಿದ್ದರಿಂದ ಎರಡಕ್ಕೂ ಒಂದೇ ಮೂಲವೆಂದು ನಾನು ನಂಬಿದೆ. ಆ ನಂಬಿಕೆಯಿಂದ ಸುಮಾರು ಎರಡು ವಾರ ವ್ಯರ್ಥವಾಯಿತು. ಮೂರಕ್ಕೂ ಮೂಲ ಬೇರೆ ಬೇರೆಯಾಗಿತ್ತು. ಆದ್ದರಿಂದ ಲಕ್ಷಣಗಳನ್ನು ಜೋಡಿಸುವ ಮೊದಲು ಪ್ರತಿಯೊಂದನ್ನೂ ಬಿಡಿಯಾಗಿ ಪರೀಕ್ಷಿಸಬೇಕೆಂದು ಒತ್ತಿ ಹೇಳುತ್ತೇನೆ.

ಪರೀಕ್ಷೆಗೆ ಮುನ್ನ ಎರಡು ಎಚ್ಚರಿಕೆಗಳು. ನೂರು ಕೆ.ಜಿ. ದಾಟಿದ ಯಂತ್ರದ ಸ್ಪ್ರಾಕೆಟ್ ಬೆರಳನ್ನು ಜಜ್ಜಿಬಿಡುತ್ತದೆ. ಟ್ರ್ಯಾಕಿಗೆ ಕೈ ಹಾಕುವ ಮುನ್ನ ಬ್ಯಾಟರಿಯ ತಂತಿಯನ್ನೇ ಬಿಚ್ಚಿ, ರಿಮೋಟ್ ಆಫ್ ಮಾಡಿದ್ದೇನೆಂಬ ಭರವಸೆಯ ಮೇಲೆ ಕೆಲಸ ಮಾಡಬೇಡಿ. ರಿಮೋಟಿನ ಸಂಕೇತ ತಪ್ಪಿದಾಗ ಎರಡೂ ಮೋಟಾರುಗಳು ನಿಲ್ಲುವಂತೆ ರಿಸೀವರನ್ನು ಹೊಂದಿಸಿ, ಗಾಡಿಯನ್ನು ಸ್ಟ್ಯಾಂಡಿನ ಮೇಲೆತ್ತಿ, ರಿಮೋಟ್ ಆರಿಸಿ ಅದು ನಿಜವಾಗಿ ನಿಲ್ಲುವುದನ್ನು ಕಣ್ಣಾರೆ ನೋಡಿ.

ವಾಲುವಿಕೆ: ಮುಂದಕ್ಕೂ ಹಿಂದಕ್ಕೂ ಅಳೆಯಿರಿ

ವಾಲುವಿಕೆಯನ್ನು ಮೊದಲು ತೆಗೆದುಕೊಂಡದ್ದು ಅದು ಸುಲಭವೆಂಬ ಕಾರಣಕ್ಕೆ. ಗಾಡಿಯನ್ನು ಸ್ಟ್ಯಾಂಡಿನ ಮೇಲಿಟ್ಟು, ಎರಡೂ ಟ್ರ್ಯಾಕುಗಳನ್ನು ಬಿಚ್ಚಿ, ಪ್ರತಿ ಸ್ಪ್ರಾಕೆಟ್‌ಗೆ ಒಂದು ಬಿಳಿ ಗುರುತು ಹಾಕಿ, ಪೂರ್ತಿ ವೇಗದಲ್ಲಿ ಒಂದು ನಿಮಿಷಕ್ಕೆ ಎಷ್ಟು ಸುತ್ತು ಬರುತ್ತದೆಂದು ಫೋನಿನ ವಿಡಿಯೋದಿಂದ ಎಣಿಸಿದೆ. ಮುಂದಕ್ಕೆ ಓಡಿಸಿದಾಗ ಎಡ ಸ್ಪ್ರಾಕೆಟ್ ಬಲಕ್ಕಿಂತ ನಿಧಾನವಾಗಿತ್ತು. ಇಲ್ಲಿಗೇ ನಿಲ್ಲಿಸಿದ್ದರೆ ಎಡಗಡೆಯ ಬೇರಿಂಗ್ ಅಥವಾ ಗೇರ್‌ಬಾಕ್ಸ್ ಬಿಗಿಯಾಗಿದೆಯೆಂಬ ತಪ್ಪು ತೀರ್ಮಾನಕ್ಕೆ ಬರುತ್ತಿದ್ದೆ. ಹಿಂದಕ್ಕೆ ಓಡಿಸಿದಾಗ ಎಡವೇ ಬಲಕ್ಕಿಂತ ವೇಗವಾಗಿತ್ತು.

ಬೇರಿಂಗ್ ಬಿಗಿಯಾಗಿದ್ದರೆ, ಎಣ್ಣೆ ಗಟ್ಟಿಯಾಗಿದ್ದರೆ ಅಥವಾ ತಂತಿಯ ಜೋಡಣೆ ಸಡಿಲವಾಗಿದ್ದರೆ ಆ ಬದಿ ಎರಡೂ ದಿಕ್ಕಿನಲ್ಲಿ ನಿಧಾನವಾಗಬೇಕು. ದಿಕ್ಕು ಬದಲಾದಾಗ ನಿಧಾನವಾಗುವ ಬದಿಯೂ ಬದಲಾದರೆ ಅದು ಮೋಟಾರಿನ ಬ್ರಷ್‌ಗಳನ್ನು ಕೂರಿಸಿರುವ ಕೋನದ ಪರಿಣಾಮ. ಒಂದೇ ದಿಕ್ಕಿಗೆ ತಿರುಗಲೆಂದು ತಯಾರಾದ ಮೋಟಾರುಗಳಲ್ಲಿ ಬ್ರಷ್‌ಗಳನ್ನು ತುಸು ಓರೆಯಾಗಿ ಕೂರಿಸಿರುತ್ತಾರೆ. ಅಂಥ ಮೋಟಾರು ಒಂದು ದಿಕ್ಕಿನಲ್ಲಿ ಹೆಚ್ಚು ವೇಗವಾಗಿಯೂ ಇನ್ನೊಂದು ದಿಕ್ಕಿನಲ್ಲಿ ಕಡಿಮೆ ವೇಗವಾಗಿಯೂ ಓಡುತ್ತದೆ. ಟ್ಯಾಂಕಿನಲ್ಲಿ ಎರಡು ಮೋಟಾರುಗಳು ಒಂದಕ್ಕೊಂದು ಎದುರುಬದುರಾಗಿ ಕೂರುವುದರಿಂದ, ಗಾಡಿ ಮುಂದೆ ಹೋಗುವಾಗ ಒಂದು ಬಲಸುತ್ತು, ಇನ್ನೊಂದು ಎಡಸುತ್ತು ತಿರುಗುತ್ತದೆ. ಖಚಿತಪಡಿಸಿಕೊಳ್ಳಲು ಮೋಟಾರುಗಳ ತಂತಿಗಳನ್ನು ಕಂಟ್ರೋಲರ್‌ಗಳ ನಡುವೆ ಅದಲುಬದಲು ಮಾಡಿದೆ. ದೋಷ ಮೋಟಾರಿನ ಜೊತೆಗೇ ಉಳಿಯಿತು, ಕಂಟ್ರೋಲರ್ ಜೊತೆ ಹೋಗಲಿಲ್ಲ. ಮುಂದಿನ ಮತ್ತು ಹಿಂದಿನ ವೇಗಗಳಿಗೆ ಬೇರೆ ಬೇರೆ ಮಿತಿ ಹಾಕಲು ಕಂಟ್ರೋಲರಿನಲ್ಲಿ ಅವಕಾಶವಿದ್ದುದರಿಂದ ಹೆಚ್ಚು ವೇಗದ ಬದಿಯನ್ನು ತಗ್ಗಿಸಿ ಸಮ ಮಾಡಿದೆ. ವಾಲುವಿಕೆ ನಿಂತಿತು. ಟ್ರ್ಯಾಕ್ ಮಾತ್ರ ಮೊದಲಿನಂತೆಯೇ ಕಳಚುತ್ತಿತ್ತು.

ತಿರುವಿನಲ್ಲಿ ಎಷ್ಟು ಬಲ ಬೀಳುತ್ತದೆ

ಟ್ರ್ಯಾಕ್ ಕಳಚುವುದನ್ನು ಅರ್ಥಮಾಡಿಕೊಳ್ಳಲು ತಿರುವಿನ ಲೆಕ್ಕವನ್ನು ಒಮ್ಮೆ ಹಾಕಲೇಬೇಕು. ಟ್ಯಾಂಕಿಗೆ ಕಾರಿನಂತೆ ಮುಂದಿನ ಚಕ್ರ ತಿರುಗಿಸುವ ವ್ಯವಸ್ಥೆಯಿಲ್ಲ. ಅದು ಟ್ರ್ಯಾಕನ್ನು ನೆಲದ ಮೇಲೆ ಅಡ್ಡಡ್ಡವಾಗಿ ಉಜ್ಜುತ್ತಲೇ ತಿರುಗಬೇಕು. ನಿಂತಲ್ಲೇ ತಿರುಗುವಾಗ ಪ್ರತಿ ಟ್ರ್ಯಾಕ್ ಕೊಡಬೇಕಾದ ಬಲವೆಂದರೆ, ಉಜ್ಜುವಿಕೆಯ ಗುಣಾಂಕವನ್ನು ಗಾಡಿಯ ತೂಕದಿಂದಲೂ ನೆಲ ಮುಟ್ಟುವ ಉದ್ದದಿಂದಲೂ ಗುಣಿಸಿ, ಟ್ರ್ಯಾಕುಗಳ ಅಂತರದ ನಾಲ್ಕರಷ್ಟರಿಂದ ಭಾಗಿಸಿದ ಮೊತ್ತ. ಹುಲ್ಲಿನ ಮೇಲೆ ಗುಣಾಂಕ 0.8 ಎಂದಿಟ್ಟುಕೊಂಡರೆ ನನ್ನ ಗಾಡಿಗೆ ಇದು ಸುಮಾರು 41 ಕೆ.ಜಿ. ಬಲ. ನೇರ ದಾರಿಯಲ್ಲಿ ಉರುಳುವುದಕ್ಕೆ ಪ್ರತಿ ಟ್ರ್ಯಾಕಿಗೆ 3ರಿಂದ 4 ಕೆ.ಜಿ. ಸಾಕು. ಎಂದರೆ ನಿಂತಲ್ಲೇ ತಿರುಗುವುದು ನೇರ ಓಟಕ್ಕಿಂತ ಹತ್ತು ಪಟ್ಟಿಗೂ ಹೆಚ್ಚಿನ ಭಾರ. ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಅಳೆಯುವ ಕ್ಲ್ಯಾಂಪ್ ಮೀಟರ್ ಇದನ್ನೇ ಹೇಳಿತು: ನೇರ ಓಟದಲ್ಲಿ ಪ್ರತಿ ಮೋಟಾರಿಗೆ 4 ಆಂಪಿಯರ್ ಇದ್ದದ್ದು ಹುಲ್ಲಿನ ಮೇಲೆ ತಿರುಗುವಾಗ 28ಕ್ಕೆ ಏರಿತು. ನೇರ ದಾರಿಯಲ್ಲಿ ಗಂಟೆಗಟ್ಟಲೆ ಓಡಿಸಿ ಗಾಡಿ ಸರಿಯಿದೆಯೆಂದು ತೀರ್ಮಾನಿಸುವವರು ಈ ಅಂತರವನ್ನು ಗಮನದಲ್ಲಿಡಬೇಕು.

ಎಡಕ್ಕೆ ತಿರುಗುವಾಗ ಎಡ ಟ್ರ್ಯಾಕ್ ಹಿಂದಕ್ಕೆ ಓಡುತ್ತದೆ. ಸ್ಪ್ರಾಕೆಟ್ ಹಿಂದಿರುವ ಟ್ಯಾಂಕು ಮುಂದಕ್ಕೆ ಹೋಗುವಾಗ ಬಿಗಿಯೆಲ್ಲ ಕೊನೆಯ ಚಕ್ರಕ್ಕೂ ಸ್ಪ್ರಾಕೆಟ್‌ಗೂ ನಡುವಿನ ಪುಟ್ಟ ತುಂಡಿನಲ್ಲಿರುತ್ತದೆ, ಮೇಲಿನ ಭಾಗ ಸಡಿಲವಾಗಿರುತ್ತದೆ. ಹಿಂದಕ್ಕೆ ಓಡುವಾಗ ಇದು ತಲೆಕೆಳಗಾಗುತ್ತದೆ: ಸ್ಪ್ರಾಕೆಟ್ ಮೇಲಿನ ಭಾಗವನ್ನು ಎಳೆಯುತ್ತದೆ, ಆ ಎಳೆತ ಮುಂದಿನ ಐಡ್ಲರನ್ನು ಸುತ್ತಿ ಬರುತ್ತದೆ, ಸಡಿಲವೆಲ್ಲ ಸ್ಪ್ರಾಕೆಟ್ಟಿನ ಕೆಳಗೆ ಬಂದು ಸೇರುತ್ತದೆ. ಆದ್ದರಿಂದಲೇ ಟ್ರ್ಯಾಕ್ ಸ್ಪ್ರಾಕೆಟ್ ಬಳಿ ಬೀಳುವುದು ಕಣ್ಣಿಗೆ ಕಾಣುತ್ತದೆ. ಬೀಳುವ ಜಾಗ ಕಂಡ ಮಾತ್ರಕ್ಕೆ ದೋಷದ ಜಾಗ ಸಿಕ್ಕಂತಾಗಲಿಲ್ಲ ಎಂಬುದನ್ನು ನಾನು ತಡವಾಗಿ ತಿಳಿದೆ.

ತಪ್ಪು ದಾರಿಗಳು

ಮೊದಲು ಬಿಗಿಯನ್ನು ಅನುಮಾನಿಸಿದೆ. ಕೊಂಡಿಗಳ ಪಿನ್ನಿನ ತೂತುಗಳು ಸವೆದಂತೆ ಟ್ರ್ಯಾಕ್ ಉದ್ದವಾಗುತ್ತದೆ. ಪ್ರತಿ ಕೊಂಡಿಯಲ್ಲಿ 0.1 ಮಿ.ಮೀ. ಸವೆದರೂ ನೂರು ಕೊಂಡಿಗಳ ಟ್ರ್ಯಾಕ್ 10 ಮಿ.ಮೀ. ಬೆಳೆಯುತ್ತದೆ. ನಿಜವಾದ ಟ್ಯಾಂಕಿನ ಸಿಬ್ಬಂದಿಯೂ ಇದೇ ಕಾರಣಕ್ಕೆ ಕಾಲಕಾಲಕ್ಕೆ ಒಂದೊಂದು ಕೊಂಡಿ ತೆಗೆಯುತ್ತಾರೆ. ಎರಡೂ ಟ್ರ್ಯಾಕುಗಳನ್ನು ಬಿಚ್ಚಿ ನೆಲದ ಮೇಲೆ ಪಕ್ಕಪಕ್ಕದಲ್ಲಿ ಎಳೆದು ಹಾಸಿದಾಗ ಉದ್ದದ ವ್ಯತ್ಯಾಸ 2 ಮಿ.ಮೀ. ಮಾತ್ರ. ಹಾಗಿದ್ದರೂ ಐಡ್ಲರಿನಿಂದ ಬಿಗಿ ಹೆಚ್ಚಿಸಿ ನೋಡಿದೆ. ಕಳಚುವುದು ಕಡಿಮೆಯಾಗಲಿಲ್ಲ, ಮೋಟಾರು ಮಾತ್ರ ನೇರ ಓಟದಲ್ಲೂ 7 ಆಂಪಿಯರ್ ಎಳೆಯತೊಡಗಿತು. ಕಳಚುವ ಟ್ರ್ಯಾಕಿಗೆ ಬಿಗಿ ಹೆಚ್ಚಿಸುವುದೇ ಮದ್ದೆಂದು ಬಹಳ ಜನ ಹೇಳುತ್ತಾರೆ. ಕಾರಣ ಬೇರೆಯಿದ್ದಾಗ ಆ ಮದ್ದು ಬೇರಿಂಗನ್ನು ತಿನ್ನುತ್ತದೆ.

ಆಮೇಲೆ ಮಣ್ಣು. ಮಳೆಗಾಲದಲ್ಲಿ ನಮ್ಮ ಕಡೆಯ ಕೆಂಪುಮಣ್ಣು ಸ್ಪ್ರಾಕೆಟ್ಟಿನ ಹಲ್ಲುಗಳ ನಡುವೆ ಅಂಟಿ ಇಟ್ಟಿಗೆಯಂತೆ ಗಟ್ಟಿಯಾಗಿ, ಕೊಂಡಿ ಹಲ್ಲಿನ ಬುಡಕ್ಕೆ ಕೂರಲು ಬಿಡುವುದಿಲ್ಲ. ಇದು ನಿಜವಾದ ಕಾರಣವೇ, ಅನೇಕ ಗಾಡಿಗಳಲ್ಲಿ ಇದೇ ದೋಷವಾಗಿರುತ್ತದೆ. ಸ್ಪ್ರಾಕೆಟ್ಟಿನ ತಟ್ಟೆಯಲ್ಲಿ ಮಣ್ಣು ಹೊರಬೀಳಲು ತೂತುಗಳನ್ನು ಕೊರೆದರೆ ಪರಿಹಾರವಾಗುತ್ತದೆ. ಆದರೆ ನನ್ನ ಗಾಡಿ ಒಣ ಸಿಮೆಂಟ್ ನೆಲದ ಮೇಲೂ ಟ್ರ್ಯಾಕ್ ಕಳಚಿತು.

ಮೂರನೆಯದು ಸ್ಪ್ರಿಂಗ್. ಇದರಲ್ಲಿ ಪ್ರಮಾಣದ ಒಂದು ಸೂಕ್ಷ್ಮವಿದೆ. ಉದ್ದ ಆರರಲ್ಲಿ ಒಂದು ಭಾಗಕ್ಕೆ ಇಳಿದಾಗ ಗಾತ್ರ 216ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಸುಮಾರು 51 ಟನ್ನಿನ ಸೆಂಚುರಿಯನ್ ಆ ಲೆಕ್ಕದಲ್ಲಿ 236 ಕೆ.ಜಿ. ತೂಗಬೇಕು, ನನ್ನದು ಅದರ ಅರ್ಧ. ಕವಚದ ದಪ್ಪವನ್ನು ಪ್ರಮಾಣಕ್ಕೆ ತಕ್ಕಂತೆ ಹಾಕದೆ ತೆಳು ತಗಡಿನಲ್ಲಿ ಕಟ್ಟುವುದರಿಂದ ಬಹುತೇಕ ಮಾದರಿಗಳ ಕಥೆಯೂ ಇದೇ. ಹೀಗಿರುವಾಗ ಮೂಲದ ಸ್ಪ್ರಿಂಗನ್ನು ಲೆಕ್ಕದಲ್ಲಿ ಇಳಿಸಿ ಹಾಕಿದರೆ ಅದು ಗಾಡಿಯ ತೂಕಕ್ಕೆ ಎರಡು ಪಟ್ಟು ಗಟ್ಟಿಯಾಗುತ್ತದೆ, ಚಕ್ರಗಳು ಉಬ್ಬುತಗ್ಗನ್ನು ಹಿಂಬಾಲಿಸದೆ ಮೇಲೆಯೇ ನಿಲ್ಲುತ್ತವೆ, ಕೊಂಬು ಸಂದಿಯಿಂದ ಹೊರಬೀಳಲು ದಾರಿಯಾಗುತ್ತದೆ. ಪರೀಕ್ಷೆ ಸರಳ: ಒಂದು ಚಕ್ರದ ಕೆಳಗೆ 12 ಮಿ.ಮೀ. ದಪ್ಪದ ಪಟ್ಟಿಯನ್ನಿಟ್ಟು, ಅಕ್ಕಪಕ್ಕದ ಚಕ್ರಗಳಿಗೂ ಟ್ರ್ಯಾಕಿಗೂ ನಡುವೆ ಕಾಗದದ ಚೂರು ತೂರಿಸಿ ಎಳೆಯಿರಿ. ಕಾಗದ ಸಲೀಸಾಗಿ ಬಂದರೆ ಸ್ಪ್ರಿಂಗ್ ಗಟ್ಟಿ. ನನ್ನ ಗಾಡಿಯಲ್ಲಿ ಕಾಗದ ಹರಿಯಿತೇ ಹೊರತು ಬರಲಿಲ್ಲ. ಸ್ಪ್ರಿಂಗ್ ನಿರ್ದೋಷಿ.

ನಾಲ್ಕನೆಯದಾಗಿ, ಎಲ್ಲರೂ ಮಾಡುವಂತೆ, ನೂಲು ಹಿಡಿದು ನೋಡಿದೆ. ಸ್ಪ್ರಾಕೆಟ್ಟಿನಿಂದ ಐಡ್ಲರ್‌ವರೆಗೆ ನೂಲು ಎಳೆದರೆ, ಆ ಎರಡು ಮತ್ತು ನಡುವಿನ ಆರು ಜೋಡಿ ಸೇರಿ, ಎಂಟೂ ಚಕ್ರಗಳು ಅರ್ಧ ಮಿ.ಮೀ. ಒಳಗೆ ಒಂದೇ ಗೆರೆಯಲ್ಲಿದ್ದವು. ಎಡ ಬಲಗಳಲ್ಲಿ ಯಾವ ಭೇದವೂ ಇರಲಿಲ್ಲ. ಸ್ಪ್ರಾಕೆಟ್ಟನ್ನು ಬಿಚ್ಚಿ ಕಟ್ಟಿದ್ದು ಮೂರು ಸಲ.

ಕೊಂಬಿನ ಮೇಲಿನ ಹೊಳಪು

ದಾರಿ ತೋರಿಸಿದ್ದು ಕೊಂಬುಗಳು. ಒಂದು ಸಂಜೆ ಎಡ ಟ್ರ್ಯಾಕನ್ನು ತೊಳೆದು ಒರೆಸುವಾಗ, ಪ್ರತಿ ಕೊಂಬಿನ ಒಳಬದಿಯ ಮೈ ಬಣ್ಣ ಕಳೆದುಕೊಂಡು ಹೊಸ ಚಮಚದಂತೆ ಹೊಳೆಯುತ್ತಿರುವುದೂ, ಹೊರಬದಿಯ ಮೈಯಲ್ಲಿ ಹಚ್ಚಿದ ಹಸಿರು ಬಣ್ಣ ಹಾಗೆಯೇ ಇರುವುದೂ ಕಂಡಿತು. ಬಲ ಟ್ರ್ಯಾಕಿನ ಕೊಂಬುಗಳಲ್ಲಿ ಎರಡೂ ಮೈ ಸಮನಾಗಿ ಸವೆದಿದ್ದವು. ಎಂದರೆ ಎಡ ಟ್ರ್ಯಾಕ್ ಕಳಚುವಾಗ ಮಾತ್ರವಲ್ಲದೆ ಸದಾಕಾಲ ಒಂದೇ ಕಡೆಗೆ ಒತ್ತಿಕೊಂಡು ಓಡುತ್ತಿತ್ತು. ನಿಮ್ಮ ಗಾಡಿಯಲ್ಲಿ ಟ್ರ್ಯಾಕ್ ಕಳಚುತ್ತಿದ್ದರೆ ಮೊಟ್ಟಮೊದಲು ಕೊಂಬುಗಳಿಗೆ ಬಣ್ಣ ಹಚ್ಚಿ, ಅರ್ಧ ಗಂಟೆ ಓಡಿಸಿ, ಬಣ್ಣ ಎಲ್ಲಿ ಹೋಯಿತೆಂದು ನೋಡಿ. ಖರ್ಚಿಲ್ಲದ ಪರೀಕ್ಷೆ, ನನ್ನ ಅಭಿಪ್ರಾಯದಲ್ಲಿ ಉಳಿದೆಲ್ಲಕ್ಕಿಂತ ಮೊದಲು ಮಾಡಬೇಕಾದದ್ದು.

ಮರುದಿನ ಗಾಡಿಯ ಮುಂಬದಿಯಲ್ಲಿ ಫೋನಿಟ್ಟು ನಿಧಾನಗತಿಯ ವಿಡಿಯೋ ತೆಗೆದೆ. ಟ್ರ್ಯಾಕ್ ಹಿಂದೆ ಬೀಳುವ ಮುನ್ನವೇ ಮುಂದೆ, ಐಡ್ಲರ್ ಮೇಲೆ, ಒಂದು ಕೊಂಬು ಚಕ್ರದ ಅಂಚನ್ನು ಹತ್ತುತ್ತಿತ್ತು. ಹತ್ತಿದ ಕೊಂಡಿ ಮೇಲಿನ ಭಾಗದಲ್ಲಿ ಹಾಗೇ ಸಾಗಿ, ಸ್ಪ್ರಾಕೆಟ್ಟಿಗೆ ಓರೆಯಾಗಿ ಬಂದು ಕೂತು, ಕೆಳಗಿನ ಸಡಿಲದಲ್ಲಿ ಹೊರಬೀಳುತ್ತಿತ್ತು. ಬರಿಗಣ್ಣಿಗೆ ಕಾಣುತ್ತಿದ್ದುದು ಈ ಕೊನೆಯ ಭಾಗ ಮಾತ್ರ.

ಭಾರ ಹೊರಿಸಿ ಅಳೆಯುವುದು

ಹಾಗಾದರೆ ನೂಲಿಗೆ ನೇರವಾಗಿದ್ದ ಐಡ್ಲರ್ ತಿರುವಿನಲ್ಲಿ ಏಕೆ ಓರೆಯಾಗುತ್ತದೆ? ನೂಲು ಹಿಡಿದಾಗ ಗಾಡಿ ನಿಂತಿತ್ತು. ಹಿಂದಕ್ಕೆ ಓಡುವ ಟ್ರ್ಯಾಕ್ 41 ಕೆ.ಜಿ. ಎಳೆದಾಗ ಐಡ್ಲರನ್ನು ಸುತ್ತಿದ ಎರಡೂ ಭಾಗಗಳು ಸೇರಿ ಅದರ ಅಚ್ಚಿನ ಮೇಲೆ ಸುಮಾರು 80 ಕೆ.ಜಿ. ಭಾರ ಹೊರಿಸುತ್ತವೆ. ಆ ಭಾರದಲ್ಲಿ ಏನಾಗುತ್ತದೆಂದು ಸ್ಟ್ಯಾಂಡಿನ ಮೇಲೆ ತಿಳಿಯುವಂತಿಲ್ಲ. ತಿರುಗುತ್ತಿರುವ ಗಾಡಿಯ ಬಳಿ ಅಳತೆ ಮಾಡುವುದೂ ಅಪಾಯ. ಅದಕ್ಕೆ ಈ ಉಪಾಯ ಮಾಡಿದೆ: ಗಾಡಿಯ ಮೂತಿಯ ಎಳೆಕೊಂಡಿಗೆ ಪಟ್ಟಿ ಕಟ್ಟಿ, ನಡುವೆ ತೂಗುಕೊಕ್ಕೆಯ ಡಿಜಿಟಲ್ ತಕ್ಕಡಿ ಹಾಕಿ, ಇನ್ನೊಂದು ತುದಿಯನ್ನು ಮಾವಿನ ಮರದ ಬುಡಕ್ಕೆ ಬಿಗಿದೆ. ಜೊತೆಗಿದ್ದ ಗೆಳೆಯರು ರಿಮೋಟ್ ಹಿಡಿದು ತಕ್ಕಡಿ 60 ಕೆ.ಜಿ. ತೋರುವವರೆಗೆ ನಿಧಾನವಾಗಿ ಹಿಂದಕ್ಕೆ ಒತ್ತಿ ಹಿಡಿದರು. ಗಾಡಿ ಕದಲುವುದಿಲ್ಲ, ಆದರೆ ಎರಡೂ ಟ್ರ್ಯಾಕುಗಳ ಮೇಲಿನ ಭಾಗಕ್ಕೆ ಒಂದೇ ಸಮನಾದ ಎಳೆತ ಬೀಳುತ್ತದೆ. ಎಡಬಲಗಳನ್ನು ಒಂದೇ ಭಾರದಲ್ಲಿ ಹೋಲಿಸಬಹುದು. ಹತ್ತಾರು ಸೆಕೆಂಡಿಗಿಂತ ಹೆಚ್ಚು ಹೊತ್ತು ಹೀಗೆ ಹಿಡಿಯಬಾರದು, ನಿಂತ ಮೋಟಾರು ಬೇಗ ಕಾಯುತ್ತದೆ. ಪಟ್ಟಿಯ ನೇರಕ್ಕೆ ಯಾರೂ ನಿಲ್ಲಬಾರದು. ಅಳೆಯುವವರು ಡಯಲ್ ಗೇಜನ್ನು (ಸಣ್ಣ ಸರಿತವನ್ನೂ ಅಳೆದು ತೋರಿಸುವ ಸಾಧನ) ಮೊದಲೇ ಕೂರಿಸಿ ಕೈ ತೆಗೆದು, ಬದಿಯಲ್ಲಿ ದೂರ ನಿಂತು ಓದಬೇಕು.

ಅಯಸ್ಕಾಂತದ ಬುಡವಿರುವ ಡಯಲ್ ಗೇಜನ್ನು ಒಡಲಿಗೆ ಕಚ್ಚಿಸಿ, ಮುಳ್ಳನ್ನು ಐಡ್ಲರಿನ ಮುಂಭಾಗದ ಅಂಚಿಗೂ ಆಮೇಲೆ ಹಿಂಭಾಗದ ಅಂಚಿಗೂ ತಾಗಿಸಿ, ಎರಡೂ ಬದಿಗಳನ್ನು ಓದಿದೆ. ಬಲಗಡೆ ಎರಡು ಅಂಚುಗಳ ಸರಿತದಲ್ಲಿ 0.2 ಮಿ.ಮೀ. ವ್ಯತ್ಯಾಸ. ಎಡಗಡೆ 1.7 ಮಿ.ಮೀ.! ಅಚ್ಚಿನ ಹೊರತುದಿ ಹಿಂದಕ್ಕೆ ಜಗ್ಗಿ, ಚಕ್ರದ ಮುಂದಿನ ಅಂಚು ಹೊರಕ್ಕೆ ಮುಖ ಮಾಡಿತ್ತು. ಕೊಂಬಿಗೆ ಪ್ರತಿ ಬದಿಯಲ್ಲಿ ಇರುವ ಸಂದಿಯೇ 2 ಮಿ.ಮೀ.

ಬಿಚ್ಚಿ ನೋಡಿದಾಗ ಐಡ್ಲರ್ ಅಚ್ಚನ್ನು ಹಿಡಿದಿರುವ 30 ಮಿ.ಮೀ. ಉದ್ದದ, ಕೊಳವೆಯಂಥ ಲೋಹದ ಬುಶ್‌ನಲ್ಲಿ 0.4 ಮಿ.ಮೀ. ಪ್ಲೇ (ಸಡಿಲ) ಇತ್ತು. ಕೈಯಲ್ಲಿ ಅಲ್ಲಾಡಿಸಿದರೆ ಗೊತ್ತಾಗದಂತೆ ಗ್ರೀಸ್ ಅದನ್ನು ತುಂಬಿಕೊಂಡಿತ್ತು. ಲೆಕ್ಕ ತಾಳೆಯಾಗುತ್ತದೆ: 30 ಮಿ.ಮೀ. ಉದ್ದದಲ್ಲಿ 0.4 ಅಲ್ಲಾಟವೆಂದರೆ 130 ಮಿ.ಮೀ. ವ್ಯಾಸದ ಚಕ್ರದ ಅಂಚಿನಲ್ಲಿ 1.7. ಕಾರಣವೂ ಸ್ಪಷ್ಟವಾಯಿತು. ಬುಶ್ ಕೂರುವ ಎಡ ತೋಳನ್ನು ಬೋರ್ ಮಾಡಿದ (ತೂತು ಕೊರೆದ) ಮೇಲೆ ಒಡಲಿನ ತಟ್ಟೆಗೆ ವೆಲ್ಡ್ ಮಾಡಲಾಗಿತ್ತು. ಬಲದ್ದನ್ನು ವೆಲ್ಡ್ ಮಾಡಿದ ಮೇಲೆ ಬೋರ್ ಮಾಡಲಾಗಿತ್ತು. ವೆಲ್ಡಿನ ಕಾವಿಗೆ ಎಡ ತೂತು ಮೊಟ್ಟೆಯಾಕಾರಕ್ಕೆ ತಿರುಗಿ, ಬುಶ್ ಕೂರಿಸಲು ಅದನ್ನು ಒಳಗಿನಿಂದ ಕೆರೆಯಬೇಕಾಗಿ ಬಂದಿತ್ತು.

ದುರಸ್ತಿ ಒಂದು ದಿನದ ಕೆಲಸ. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ತೋಳನ್ನು ಒಡಲಿನ ಸಮೇತ ಯಂತ್ರಕ್ಕೆ ಕಟ್ಟಿಸಿ ತೂತನ್ನು ದೊಡ್ಡದು ಮಾಡಿಸಿ, 45 ಮಿ.ಮೀ. ಉದ್ದದ ಗನ್‌ಮೆಟಲ್ ಬುಶ್ ಒತ್ತಿಸಿ, ಅದರ ಒಳವ್ಯಾಸವನ್ನು ಒತ್ತಿದ ಮೇಲೆಯೇ ರೀಮರ್ (ತೂತನ್ನು ನಿಖರ ಅಳತೆಗೆ ತರುವ ಉಪಕರಣ) ಹಾಕಿ ಮುಗಿಸಿದೆವು. ಬುಶ್‌ನ ಉದ್ದ ಹೆಚ್ಚಿಸಿದ್ದು ಬೇಕೆಂದೇ: ಪ್ಲೇ ಅಷ್ಟೇ ಇದ್ದರೂ ಉದ್ದ ಹೆಚ್ಚಾದಷ್ಟು ಓರೆ ಕಡಿಮೆ.

ಇಳಿಜಾರಿನಲ್ಲಿ ವಿದ್ಯುತ್ ನಿಲ್ಲುವುದು

ಇದು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಇಳಿಜಾರಿನಲ್ಲಿಯೂ ಅಗಲವಾದ ತಿರುವಿನ ಒಳಬದಿಯಲ್ಲಿಯೂ ಟ್ರ್ಯಾಕೇ ಮೋಟಾರನ್ನು ತಿರುಗಿಸುತ್ತದೆ, ಮೋಟಾರು ಡೈನಮೋ ಆಗಿ ವಿದ್ಯುತ್ತನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ನಿಜವಾದ ಸೆಂಚುರಿಯನ್‌ನ ಮೆರಿಟ್-ಬ್ರೌನ್ ಗೇರ್‌ಬಾಕ್ಸ್ ಒಳ ಟ್ರ್ಯಾಕಿನಿಂದ ಹೀಗೆ ಹಿಂದಿರುಗಿದ ಶಕ್ತಿಯನ್ನು ಗೇರುಗಳ ಮೂಲಕ ನೇರವಾಗಿ ಹೊರ ಟ್ರ್ಯಾಕಿಗೆ ದಾಟಿಸುತ್ತದೆ. ಆ ವಿನ್ಯಾಸವನ್ನು ಎಷ್ಟು ಸಲ ಓದಿದರೂ ನನಗೆ ಗೌರವ ಹೆಚ್ಚುತ್ತದೆ. ನಮ್ಮ ಮಾದರಿಗಳಲ್ಲಿ ಆ ಕೆಲಸ ಬ್ಯಾಟರಿಯ ಮೂಲಕವೇ ಆಗಬೇಕು. ನಾನು ಸೀಸದ ಬ್ಯಾಟರಿ ಬದಲಿಸಿ ಎಂಟು ಸೆಲ್ಲಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿದ್ದೆ. ಅದರ ರಕ್ಷಣಾ ಸರ್ಕ್ಯೂಟು ಯಾವುದಾದರೂ ಸೆಲ್ 3.65 ವೋಲ್ಟ್ ಆಸುಪಾಸು ಮುಟ್ಟಿದೊಡನೆ ಚಾರ್ಜಿನ ದಾರಿ ಮುಚ್ಚುತ್ತದೆ. ಪೂರ್ತಿ ತುಂಬಿದ ಬ್ಯಾಟರಿಗೆ ಇಳಿಜಾರಿನ ವಿದ್ಯುತ್ ಬಂದರೆ ಅದಕ್ಕೆ ಹೋಗಲು ಜಾಗವಿಲ್ಲ. ವೋಲ್ಟೇಜ್ ಥಟ್ಟನೆ ಏರಿ ಕಂಟ್ರೋಲರ್ ತನ್ನನ್ನು ಉಳಿಸಿಕೊಳ್ಳಲು ಆರಿಕೊಳ್ಳುತ್ತದೆ. ಗುರುತಿಸುವುದು ಹೀಗೆ: ಹತ್ತು ನಿಮಿಷ ಸಮತಟ್ಟಿನಲ್ಲಿ ಓಡಿಸಿದ ಮೇಲೆ ಅದೇ ಇಳಿಜಾರಿನಲ್ಲಿ ದೋಷ ಮರಳದಿದ್ದರೆ ಇದೇ ಕಾರಣ. ಈಗ ಮೈದಾನಕ್ಕೆ ಹೋಗುವ ದಿನ ಬ್ಯಾಟರಿಯನ್ನು ಶೇ. 90ಕ್ಕೆ ನಿಲ್ಲಿಸುತ್ತೇನೆ, ಕಂಟ್ರೋಲರಿನ ಬ್ರೇಕಿನ ತೀವ್ರತೆಯನ್ನೂ ತಗ್ಗಿಸಿದ್ದೇನೆ.

ದುರಸ್ತಿಯ ನಂತರದ ಪರೀಕ್ಷೆ

ಮರಕ್ಕೆ ಕಟ್ಟಿ ಮತ್ತೆ 60 ಕೆ.ಜಿ. ಎಳೆಸಿದಾಗ ಎಡ ಐಡ್ಲರ್ 0.2 ಮಿ.ಮೀ. ಸರಿಯಿತು, ಬಲದಷ್ಟೇ. ಬಿಗಿಯನ್ನು ಹಳೆಯ ಮಟ್ಟಕ್ಕೆ ಇಳಿಸಿದ ಮೇಲೆ ನೇರ ಓಟದ ಆಂಪಿಯರ್ ಮತ್ತೆ 4ಕ್ಕೆ ಬಂತು. ಹುಲ್ಲಿನ ಮೇಲೆ ಎಡಕ್ಕೆ 20, ಬಲಕ್ಕೆ 20 ಪೂರ್ಣ ಸುತ್ತು, ಆಮೇಲೆ ಒದ್ದೆ ಕೆಂಪುಮಣ್ಣಿನಲ್ಲಿ ಎಂಟರ ಆಕಾರದ ಓಟ ಒಂದು ಗಂಟೆ, ನಡುನಡುವೆ ಮೋಟಾರು ಆರಲು ಬಿಡುವು ಕೊಡುತ್ತ ಮಾಡಿದೆವು. ಟ್ರ್ಯಾಕ್ ಒಮ್ಮೆಯೂ ಕಳಚಲಿಲ್ಲ. ಓಡಿಸುವ ಮುನ್ನ ಎರಡೂ ಟ್ರ್ಯಾಕುಗಳ ಹತ್ತು ಹತ್ತು ಕೊಂಬುಗಳಿಗೆ ಹೊಸದಾಗಿ ಹಳದಿ ಬಣ್ಣ ಹಚ್ಚಿದ್ದೆ. ಸಂಜೆ ಮಣ್ಣು ತೊಳೆದು ನೋಡಿದಾಗ ಎಡಗಡೆಯ ಕೊಂಬುಗಳಲ್ಲೂ ಬಣ್ಣ ಎರಡೂ ಮೈಯಲ್ಲಿ ಒಂದೇ ಸಮನಾಗಿ, ತುದಿಯಿಂದ ಕಾಲು ಭಾಗದಷ್ಟು ಮಾತ್ರ, ಸವೆದಿತ್ತು.